ಪಾಲಿಕೆ ಚುನಾವಣೆಯಲ್ಲಿ ನಮ್ಮೂರಿನ ಪೇಪರ್ ಎಲ್ಲರಿಗೂ ನ್ಯಾಯ ಮಾಡುತ್ತಿದೆಯಾ? ಸ್ಕೇಲು, ನೋಟ್‌ಬುಕ್ ಹಿಡಿದು ನೀವೇ ಅಳೆಯುವ ಬಗೆ

ಚುನಾವಣೆ ಬಂತೆಂದರೆ ಕಲಬುರಗಿಯ ಯಾವ ಚಹಾ ಅಂಗಡಿಗೆ ಹೋದರೂ ಒಂದು ಮಾತು ಕೇಳಿಸುತ್ತದೆ. "ಯಾರ್ ರೊಕ್ಕಾ ಕೊಟ್ಟಾರ, ಅವರ ಸುದ್ದಿ ಹಾಕ್ತಾರ್ರಿ ಈ ಪೇಪರ್‌ನವ್ರು." ಹೇಳಿದವರು ಪೇಪರ್ ಮಡಚಿ ಬೆಂಚಿನ ಮೇಲೆ ಇಡುತ್ತಾರೆ, ಎದ್ದು ಹೋಗುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ನಾನು ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ರಾತ್ರಿ ಪುಟ ಕಟ್ಟಿದವನು. ಆ ಮಾತು ಕೆಲವು ಸಲ ನಿಜ, ಬಹಳ ಸಲ ಅರ್ಧ ನಿಜ. ದುಡ್ಡಿನಿಂದ ಆಗುವ ಅನ್ಯಾಯ ಇದೆ. ಅದಕ್ಕಿಂತ ಜಾಸ್ತಿ ಅನ್ಯಾಯ ಆಗುವುದು ಅವಸರದಿಂದ, ರೂಢಿಯಿಂದ. ಯಾರು ಪ್ರೆಸ್ ನೋಟ್ ಕಳಿಸಿದರೋ ಅವರ ಸುದ್ದಿ ಬಂತು. ಯಾರು ಕಳಿಸಲಿಲ್ಲವೋ ಅವರು ಊರಲ್ಲೇ ಇಲ್ಲ ಎಂಬಂತಾಯಿತು. ದುಡ್ಡಿನ ಅನ್ಯಾಯ, ರೂಢಿಯ ಅನ್ಯಾಯ ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಬೇಕೆಂದರೆ ಅಳೆಯಲೇಬೇಕು. ಅಳೆಯುವುದು ಕಷ್ಟವೇನಲ್ಲ. ದಿನಕ್ಕೆ ನಲವತ್ತು ನಿಮಿಷ, ಮೂರು–ನಾಲ್ಕು ಜನ, ಒಂದು ತಿಂಗಳು. ಇಲ್ಲಿ ಕಲಬುರಗಿ ಮಹಾನಗರ ಪಾಲಿಕೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಸ್ಥಳೀಯ ಪೇಪರ್ ಓದುವ ಬೇರೆ ಊರಿನವರಿಗೂ ಇದೇ ದಾರಿ.

ಮೊದಲು ಚುನಾವಣೆಯ ಪಟ್ಟಿ ಮಾಡಿಕೊಳ್ಳಿ

ಪೇಪರ್ ಕೈಗೆತ್ತಿಕೊಳ್ಳುವ ಮುಂಚೆ ಚುನಾವಣೆಯ ಕಣ ನಿಮ್ಮ ನೋಟ್‌ಬುಕ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಪೇಪರ್ ಯಾರನ್ನು ತೋರಿಸಿತೋ ಅವರನ್ನೇ ನೀವೂ ಎಣಿಸುತ್ತೀರಿ. ತೋರಿಸದೇ ಬಿಟ್ಟವರು ನಿಮ್ಮ ಲೆಕ್ಕದಿಂದಲೂ ಬಿಟ್ಟುಹೋಗುತ್ತಾರೆ. ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ.

ಪಾಲಿಕೆ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗ ಬೇರೆ, ಇದು ಬೇರೆ. ದೂರು ಕೊಡುವಾಗ ಬಹಳ ಜನ ಇಲ್ಲೇ ಎಡವುತ್ತಾರೆ. ಕಲಬುರಗಿಯಲ್ಲಿ 55 ವಾರ್ಡು. 2021ರಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಜೊತೆಗೇ ನಮ್ಮಲ್ಲೂ ಸೆಪ್ಟೆಂಬರ್ 3ಕ್ಕೆ ಮತದಾನ ಆಯಿತು, 6ಕ್ಕೆ ಎಣಿಕೆ.

ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ ಕಣದಲ್ಲಿ ಉಳಿದವರ ಅಂತಿಮ ಪಟ್ಟಿ ಹೊರಬೀಳುತ್ತದೆ. ಅದು ಚುನಾವಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ಹೋಗಿ ಫೋಟೊ ತೆಗೆದುಕೊಳ್ಳಿ. ಮನೆಗೆ ಬಂದು ವಾರ್ಡಿಗೊಂದು ಪುಟದ ಹಾಗೆ ಹೆಸರು ಬರೆಯಿರಿ: ಪಕ್ಷ, ಪಕ್ಷೇತರ, ವಾರ್ಡಿನ ಮೀಸಲಾತಿ, ಹಳೆಯ ಸದಸ್ಯರೇ ಮತ್ತೆ ನಿಂತಿದ್ದಾರಾ ಇಲ್ಲವಾ. ನಾಮಪತ್ರದ ಜೊತೆ ಅಭ್ಯರ್ಥಿಗಳು ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು ಇವುಗಳ ಪ್ರಮಾಣಪತ್ರ ಕೊಟ್ಟಿರುತ್ತಾರೆ. ಅದನ್ನೂ ನೋಡಿ ಒಂದು ಸಾಲು ಗುರುತು ಹಾಕಿ. ಮುಂದೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

55 ವಾರ್ಡೂ ನಿಮ್ಮಿಂದ ಆಗುವುದಿಲ್ಲ ಎನಿಸಿದರೆ ಎಂಟು–ಹತ್ತು ವಾರ್ಡು ಆರಿಸಿಕೊಳ್ಳಿ. ಆದರೆ ಆರಿಸುವಾಗ ನಗರದ ಎಲ್ಲ ಕಡೆಯಿಂದ ಇರಲಿ. ಬ್ರಹ್ಮಪುರ, ಶಹಾಬಜಾರದಂಥ ಹಳೇ ಭಾಗ, ದರ್ಗಾದ ಸುತ್ತಮುತ್ತ, ಸ್ಟೇಷನ್ ಕಡೆ, ರಿಂಗ್ ರೋಡಿನ ಆಚೆ ಬೆಳೆದ ಹೊಸ ಬಡಾವಣೆ, ಒಂದೆರಡು ಕೊಳಗೇರಿ ಇರುವ ವಾರ್ಡು. ಬರೀ ನಿಮ್ಮ ಓಣಿಯ ಸುತ್ತಲಿನದನ್ನೇ ತೆಗೆದುಕೊಂಡರೆ ಲೆಕ್ಕ ವಾಲುತ್ತದೆ.

ಯಾವ ಪೇಪರ್, ಎಷ್ಟು ದಿನ

ಎರಡು ಅಥವಾ ಮೂರು ಪೇಪರ್ ಸಾಕು. ರಾಜ್ಯಮಟ್ಟದ ಪತ್ರಿಕೆಯ ಕಲಬುರಗಿ ಆವೃತ್ತಿ ಒಂದು, ಇಲ್ಲೇ ಅಚ್ಚಾಗುವ ಸ್ಥಳೀಯ ದಿನಪತ್ರಿಕೆ ಒಂದು. ಉರ್ದು ಓದಲು ಬರುವವರು ನಿಮ್ಮ ಗುಂಪಿನಲ್ಲಿ ಇದ್ದರೆ ಉರ್ದು ಪತ್ರಿಕೆ ಒಂದನ್ನು ಖಂಡಿತ ಸೇರಿಸಿ. ಈ ಊರಿನ ಎಷ್ಟೋ ಮನೆಗಳು ಚುನಾವಣೆಯನ್ನು ಓದುವುದೇ ಆ ಪುಟಗಳಲ್ಲಿ.

ಅಧಿಸೂಚನೆ ಬಂದ ದಿನದಿಂದ ಶುರು ಮಾಡಿ, ಎಣಿಕೆ ಆದ ಮೂರು ದಿನದವರೆಗೂ ನಡೆಸಿ. ಒಂದು ದಿನವನ್ನೂ ಬಿಡಬೇಡಿ. ಇ–ಪೇಪರ್ ನೋಡುವವರು ಒಂದು ವಿಷಯ ನೆನಪಿಡಿ. ಅದರಲ್ಲಿ ತಾನಾಗಿ ತೆರೆಯುವುದು ಬಹಳ ಸಲ ಬೆಂಗಳೂರು ಆವೃತ್ತಿ. ಕಲಬುರಗಿ ಆವೃತ್ತಿಯನ್ನು ಆರಿಸಿಕೊಂಡೇ ನೋಡಬೇಕು. ಕಾಗದದ ಪೇಪರ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಕೈಯಲ್ಲಿ ಕತ್ತರಿಸಿದ ತುಣುಕು ಇರಬೇಕು.

ಇನ್ನೊಂದು ಚಿಕ್ಕ ಕೆಲಸ. ಪೇಪರಿನ ಕೊನೆಯ ಪುಟದ ತಳದಲ್ಲೋ ಒಳಪುಟದಲ್ಲೋ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ವಿಳಾಸ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಹಳೆಯ ನಿಯಮದ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಮಾಲೀಕರ ವಿವರದ 'ಫಾರಂ 4' ಅಚ್ಚಾಗುತ್ತಿತ್ತು. ಹಳೇ ಸಂಚಿಕೆ ಸಿಕ್ಕರೆ ಅದನ್ನೂ ಓದಿ. ಮಾಲೀಕರೋ ಅವರ ಮನೆಯವರೋ ಕಣದಲ್ಲಿದ್ದರೆ, ಪಕ್ಷದ ಪದಾಧಿಕಾರಿ ಆಗಿದ್ದರೆ ನಿಮಗೆ ಗೊತ್ತಿರಬೇಕು ಅಲ್ವಾ? ಅಷ್ಟಕ್ಕೇ ಪೇಪರ್ ಕೆಟ್ಟದ್ದು ಎಂದಾಗುವುದಿಲ್ಲ. ಆ ವಾರ್ಡಿನ ಸುದ್ದಿಯನ್ನು ಎರಡು ಸಲ ಓದಿ, ಅಷ್ಟೇ.

ಕತ್ತರಿಸಿ, ಅಳೆದು, ಬರೆಯುವುದು

ಡೆಸ್ಕಿನಲ್ಲಿ ನಾವು ಸುದ್ದಿಯನ್ನು ಕಾಲಂ ಸೆಂಟಿಮೀಟರಿನಲ್ಲಿ ಲೆಕ್ಕ ಹಾಕುತ್ತಿದ್ದೆವು. ದೊಡ್ಡ ಪುಟದ ಪೇಪರಿನಲ್ಲಿ ಸಾಮಾನ್ಯವಾಗಿ ಎಂಟು ಕಾಲಂ. ಸುದ್ದಿ ಎಷ್ಟು ಕಾಲಂ ಅಗಲ ಇದೆ ನೋಡಿ, ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ, ಎರಡನ್ನೂ ಗುಣಿಸಿ. ಹೆಡ್‌ಲೈನ್ ಸೇರಿಸಿಯೇ ಅಳೆಯಬೇಕು. ಫೋಟೊವನ್ನು ಬೇರೆ ಬರೆಯಬೇಕು.

ಒಂದು ಪುಟವನ್ನು ಎದುರಿಗೆ ಹರಡಿಕೊಂಡಿದ್ದೀರಿ ಎಂದುಕೊಳ್ಳಿ. ಮೇಲ್ಗಡೆ ಒಂದು ಪಕ್ಷದ ರೋಡ್ ಶೋ. ನಾಲ್ಕು ಕಾಲಂ ಅಗಲ, ಹದಿನೆಂಟು ಸೆಂಟಿಮೀಟರ್ ಎತ್ತರ. 72 ಕಾಲಂ ಸೆಂಟಿಮೀಟರ್. ಅದರ ಪಕ್ಕದ ಫೋಟೊ ಮೂರು ಕಾಲಂ, ಹನ್ನೊಂದು ಎತ್ತರ. 33. ಕೆಳಗೆ ಬಲಮೂಲೆಯಲ್ಲಿ ಪಕ್ಷೇತರ ಅಭ್ಯರ್ಥಿ ಮನೆಮನೆ ಹೋಗಿ ಮತ ಕೇಳಿದ ಸುದ್ದಿ. ಸಿಂಗಲ್ ಕಾಲಂ, ಆರು ಸೆಂಟಿಮೀಟರ್. 6. ಫೋಟೊ ಇಲ್ಲ. ಕಣ್ಣಿಗೆ ಕಂಡಾಗ 'ಇಬ್ಬರದೂ ಬಂದಿದೆ' ಎನಿಸುತ್ತದೆ. ಬರೆದು ನೋಡಿದಾಗ 105ಕ್ಕೆ 6.

ನೋಟ್‌ಬುಕ್‌ನಲ್ಲಿ ಒಂದೊಂದು ಸುದ್ದಿಗೂ ಒಂದು ಸಾಲು. ದಿನಾಂಕ, ಪೇಪರ್, ಪುಟ, ಪುಟದ ಮೇಲ್ಭಾಗವಾ ಕೆಳಭಾಗವಾ, ವಾರ್ಡ್ ನಂಬರ್, ಯಾರ ಸುದ್ದಿ, ಅಳತೆ, ಫೋಟೊ ಅಳತೆ. ಆಮೇಲೆ ಇನ್ನೊಂದು ಕಾಲಂ ಇಟ್ಟುಕೊಳ್ಳಿ: ಸುದ್ದಿ ಎಲ್ಲಿಂದ ಬಂತು. ವರದಿಗಾರರು ಸ್ಥಳಕ್ಕೆ ಹೋಗಿ ಬರೆದಿದ್ದಾ, ಪ್ರೆಸ್ ಮೀಟಿನದ್ದಾ, ಪ್ರೆಸ್ ನೋಟಾ? ಇದು ಓದಿದರೆ ತಿಳಿಯುತ್ತದೆ. 'ಪ್ರಕಟಣೆಯಲ್ಲಿ ತಿಳಿಸಿದ್ದಾರೆ' ಎಂದಿದ್ದರೆ ಪ್ರೆಸ್ ನೋಟ್. ಮತದಾರರ ಮಾತು, ಓಣಿಯ ವಿವರ ಇದ್ದರೆ ಯಾರೋ ಬಿಸಿಲಲ್ಲಿ ಓಡಾಡಿದ್ದಾರೆ ಎಂದು ಅರ್ಥ.

ಕೆಲವರು ಮುಖಪುಟದ ಸುದ್ದಿಗೆ ಮೂರು ಪಟ್ಟು ಅಂಕ, ಒಳಪುಟಕ್ಕೆ ಒಂದು ಅಂಕ ಎಂದೆಲ್ಲ ಮಾಡುತ್ತಾರೆ. ನನ್ನ ಸಲಹೆ, ಬೇಡ. ಆ ಅಂಕದ ಮೇಲೇ ಜಗಳ ಶುರುವಾಗುತ್ತದೆ. ಮುಖಪುಟದ್ದನ್ನು ಬೇರೆ ಕೂಡಿಸಿ, ಒಳಪುಟದ್ದನ್ನು ಬೇರೆ ಕೂಡಿಸಿ. ಸೆಂಟಿಮೀಟರಿನ ಬಗ್ಗೆ ಯಾರೂ ವಾದ ಮಾಡಲು ಆಗುವುದಿಲ್ಲ.

ವಾರಕ್ಕೊಮ್ಮೆ ಇಬ್ಬರು ಒಂದೇ ದಿನದ ಪೇಪರನ್ನು ಬೇರೆ ಬೇರೆಯಾಗಿ ಅಳೆದು ಹೋಲಿಸಿ ನೋಡಿ. ಬೇರೆ ಬೇರೆ ಪಕ್ಷಕ್ಕೆ ಮತ ಹಾಕುವವರು ಇದನ್ನು ಮಾಡಿದರೆ ಇನ್ನೂ ಗಟ್ಟಿ.

ಸ್ಕೇಲಿಗೆ ಸಿಗದ ಅನ್ಯಾಯ

ಜಾಗ ಸಮ ಇದ್ದರೂ ಅನ್ಯಾಯ ಆಗುತ್ತದೆ. ಅದು ಪದಗಳಲ್ಲಿ ಇರುತ್ತದೆ.

ಇದಕ್ಕೆ ಕೆಂಪು ಪೆನ್ನು ತೆಗೆದುಕೊಳ್ಳಿ. ಕ್ರಿಯಾಪದಗಳಿಗೆ ಗುರುತು ಹಾಕುತ್ತಾ ಹೋಗಿ. ಒಬ್ಬರು 'ಭರವಸೆ ನೀಡಿದರು', ಇನ್ನೊಬ್ಬರು 'ಬಡಾಯಿ ಕೊಚ್ಚಿದರು'. ಒಬ್ಬರು 'ಪ್ರಶ್ನಿಸಿದರು', ಇನ್ನೊಬ್ಬರು 'ಹರಿಹಾಯ್ದರು'. ಒಬ್ಬರ ಸಭೆಗೆ 'ಜನಸಾಗರ', ಇನ್ನೊಬ್ಬರ ಸಭೆಗೆ 'ಕಾರ್ಯಕರ್ತರು ಇದ್ದರು'. ಒಂದು ಸಲ ಬಂದರೆ ಅದು ಬರೆದವರ ರೂಢಿ. ಹತ್ತು ಸಲ ಒಂದೇ ಪಕ್ಷದ ಮೇಲೆ ಬಂದರೆ ಅದು ಪೇಪರಿನ ಒಲವು. 'ಭರ್ಜರಿ ಪ್ರಚಾರ', 'ಗೆಲುವು ನಿಶ್ಚಿತ', 'ಅಭೂತಪೂರ್ವ ಬೆಂಬಲ' ಇವೆಲ್ಲ ಅಭ್ಯರ್ಥಿಯ ಮಾತು. ಪೇಪರ್ ತನ್ನದೇ ಮಾತಾಗಿ ಬರೆದರೆ ಗುರುತು ಹಾಕಿ. ಉದ್ಧರಣ ಚಿಹ್ನೆಯೊಳಗೆ, ಯಾರು ಹೇಳಿದರು ಎಂದು ಸೇರಿಸಿ ಬರೆದಿದ್ದರೆ ಬಿಡಿ.

ಎಷ್ಟು ಜನ ಸೇರಿದ್ದರು ಎಂಬ ಸಂಖ್ಯೆಯನ್ನೂ ನೋಡಿ. ಯಾರು ಎಣಿಸಿದರು? ಸಂಘಟಕರು ಹೇಳಿದ್ದಾ, ಪೊಲೀಸರು ಹೇಳಿದ್ದಾ? ಹೇಳಿರದಿದ್ದರೆ ಆ ಸಂಖ್ಯೆ ಅಲ್ಲಿ ಇರಬಾರದಿತ್ತು.

ನನ್ನನ್ನು ಜಾಸ್ತಿ ಕಾಡುವುದು ಮಹಿಳಾ ಅಭ್ಯರ್ಥಿಗಳ ಸುದ್ದಿ. ಕರ್ನಾಟಕದಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಂದರೆ ಅರ್ಧ ವಾರ್ಡುಗಳಲ್ಲಿ ಕಣದಲ್ಲಿ ಇರುವವರೆಲ್ಲ ಮಹಿಳೆಯರೇ. ಆದರೂ ಪುಟ ತೆಗೆದರೆ ಕಾಣುವುದೇನು? ಫೋಟೊದ ನಡುವೆ ಗಂಡ ಕೈ ಮುಗಿದು ನಿಂತಿರುತ್ತಾರೆ. ಹೆಗಲ ಮೇಲೆ ಪಕ್ಷದ ಶಾಲು. ಅಭ್ಯರ್ಥಿ ಎರಡನೇ ಸಾಲಿನಲ್ಲಿ, ತಲೆ ಮೇಲೆ ಸೆರಗು, ಅರ್ಧ ಮುಖ ಯಾರದೋ ಭುಜದ ಹಿಂದೆ. ಕೆಳಗೆ ಬರೆದಿರುತ್ತದೆ, ಇಂಥವರ ಪತ್ನಿಯ ಪರ ಮತಯಾಚನೆ ಎಂದು. ಹೆಸರು ಒಂದೇ ಒಂದು ಸಲ. ಮಾತು ಒಂದೂ ಇಲ್ಲ. ನಾನೇ ಇಂಥ ಫೋಟೊಗಳಿಗೆ ರಾತ್ರಿ ಹನ್ನೊಂದಕ್ಕೆ ಅಡಿಬರಹ ಬರೆದು ಪುಟಕ್ಕೆ ಕಳಿಸಿದ್ದೇನೆ. ಆಗ ಅದು ತಪ್ಪು ಎಂದು ಹೊಳೆಯಲೂ ಇಲ್ಲ. ಇವತ್ತು ನೆನೆದರೆ ನೋವಾಗುತ್ತದೆ.

ಹಾಗಾಗಿ ನೋಟ್‌ಬುಕ್‌ನಲ್ಲಿ ಮಹಿಳಾ ವಾರ್ಡುಗಳಿಗೆ ಮೂರು ಪ್ರಶ್ನೆ ಇಡಿ. ಅಭ್ಯರ್ಥಿಯ ಹೆಸರು ಹೆಡ್‌ಲೈನಿನಲ್ಲಿ ಇದೆಯಾ? ಅವರೇ ಆಡಿದ ಮಾತು ಒಂದಾದರೂ ಇದೆಯಾ? ಫೋಟೊದಲ್ಲಿ ಅವರ ಮುಖ ಪೂರ್ತಿ ಕಾಣುತ್ತದಾ? ಈ ಮೂರಕ್ಕೆ ಹೌದು, ಇಲ್ಲ ಎಂದು ಬರೆಯಿರಿ ಸಾಕು. ತಿಂಗಳ ಕೊನೆಗೆ ಈ ಪುಟ ನಿಮ್ಮ ಲೆಕ್ಕದಲ್ಲೇ ಗಟ್ಟಿಯಾದ ಪುಟ ಆಗಿರುತ್ತದೆ.

ಜಾತಿ, ಧರ್ಮದ ಲೆಕ್ಕಾಚಾರದ ಸುದ್ದಿಗಳೂ ಹೀಗೆಯೇ. 'ಈ ವಾರ್ಡಿನಲ್ಲಿ ಇಂಥವರ ಮತ ಇಷ್ಟು' ಎಂದು ಅಂದಾಜಿನ ಸಂಖ್ಯೆ ಹಾಕಿ ಬರೆಯುವುದು ಸುಲಭ. ಅಲ್ಲಿ ಚರಂಡಿ ತುಂಬಿ ಹರಿಯುತ್ತಿದೆ ಎಂದು ಬರೆಯಲು ಹೋಗಿ ನೋಡಬೇಕು. ಚುನಾವಣಾ ವರದಿಗೆ, ಪತ್ರಿಕೆಗಳ ಮೇಲಿನ ದೂರು ಕೇಳುವ ಭಾರತೀಯ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್) 1996ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ದ್ವೇಷ ಹುಟ್ಟಿಸುವ ವರದಿ ಬೇಡ, ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಅಥವಾ ಪರಿಶೀಲಿಸದ ಆರೋಪ ಬೇಡ, ಅಭ್ಯರ್ಥಿಗಳಿಂದ ಉಡುಗೊರೆ, ಆತಿಥ್ಯ ಬೇಡ ಎಂದು ಅದರಲ್ಲಿ ಇದೆ. ನಿಮ್ಮ ಪ್ರಶ್ನೆಗಳಿಗೆ ಆ ಮಾರ್ಗಸೂಚಿಯ ಬೆಂಬಲ ಇದೆ ಎಂದು ಗೊತ್ತಿದ್ದರೆ ಪತ್ರ ಬರೆಯುವಾಗ ಧೈರ್ಯ ಬರುತ್ತದೆ.

ದುಡ್ಡು ಕೊಟ್ಟು ಹಾಕಿಸಿದ ಸುದ್ದಿ ಹಿಡಿಯುವುದು ಹೇಗೆ

ಕಾಸಿಗಾಗಿಯೋ ವಸ್ತುರೂಪದ ಲಾಭಕ್ಕಾಗಿಯೋ ಅಚ್ಚಾದ ಸುದ್ದಿ, ವಿಶ್ಲೇಷಣೆ ಎಲ್ಲವೂ 'ಕಾಸಿಗಾಗಿ ಸುದ್ದಿ'. ಪತ್ರಿಕಾ ಮಂಡಳಿ 2010ರ ವರದಿಯಲ್ಲಿ ಹೇಳಿದ್ದು ಇದನ್ನೇ. ಒಳಗಿನವರು ಇದಕ್ಕೆ 'ಪ್ಯಾಕೇಜ್' ಎನ್ನುತ್ತಾರೆ.

ಹಣ ಕೈ ಬದಲಾದದ್ದನ್ನು ನೀವು ನೋಡಲಾರಿರಿ. ಕಾಗದದ ಮೇಲೆ ಅದರ ಗುರುತು ಉಳಿಯುತ್ತದೆ. ಎಲ್ಲಕ್ಕಿಂತ ಗಟ್ಟಿ ಗುರುತು, ಒಂದೇ ಬರಹ ಎರಡು ಪೇಪರಿನಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಇರುವುದು. ಎರಡು ತುಣುಕುಗಳನ್ನು ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟು ಓದಿ. ಕಾಗುಣಿತದ ತಪ್ಪು ಕೂಡ ಒಂದೇ ಜಾಗದಲ್ಲಿ ಇದ್ದರೆ ಎರಡೂ ಕಡೆ ಒಂದೇ ಕಡತ ಹೋಗಿದೆ ಎಂದೇ ಅರ್ಥ. ಅದು ಬರೀ ಪ್ರೆಸ್ ನೋಟ್ ಆಗಿರಬಹುದು, ಹಾಗಾಗಿ ಇಷ್ಟಕ್ಕೇ ತೀರ್ಪು ಬೇಡ. ಜೊತೆಗೆ ಬೇರೆ ಗುರುತು ಇವೆಯಾ ನೋಡಿ. ವರದಿಗಾರರ ಹೆಸರಿಲ್ಲ. ಎದುರಾಳಿಯ ಹೆಸರೇ ಇಲ್ಲ. ಅಭ್ಯರ್ಥಿಯ ಬಾಲ್ಯ, ಸಮಾಜಸೇವೆ, ತಂದೆತಾಯಿಯ ಆಶೀರ್ವಾದ, ಎಲ್ಲವೂ ಹೊಗಳಿಕೆ. ಅಕ್ಷರದ ವಿನ್ಯಾಸ ಪುಟದ ಉಳಿದ ಸುದ್ದಿಗಿಂತ ಸ್ವಲ್ಪ ಬೇರೆ. ಮತದಾನಕ್ಕೆ ಎರಡು–ಮೂರು ದಿನ ಇರುವಾಗ ಬಂದಿದೆ. ಅದೇ ವಾರ ಅದೇ ಅಭ್ಯರ್ಥಿಯ ದೊಡ್ಡ ಜಾಹೀರಾತೂ ಬಂದಿದೆ. ಇವುಗಳಲ್ಲಿ ಮೂರು–ನಾಲ್ಕು ಒಟ್ಟಿಗೆ ಕಂಡರೆ ಆ ತುಣುಕನ್ನು ಬೇರೆ ಲಕೋಟೆಯಲ್ಲಿ ಇಡಿ.

ಜಾಹೀರಾತು ತಪ್ಪಲ್ಲ. ಸುದ್ದಿಯ ವೇಷ ಹಾಕಿದ ಜಾಹೀರಾತು ತಪ್ಪು. 'ಜಾಹೀರಾತು' ಎಂಬ ಪದ ಇದೆಯಾ, ಎಷ್ಟು ದೊಡ್ಡ ಅಕ್ಷರದಲ್ಲಿ, ಯಾವ ಮೂಲೆಯಲ್ಲಿ ಎಂದು ಬರೆದುಕೊಳ್ಳಿ. 'ವಿಶೇಷ ಪುಟ' ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಇಷ್ಟು ಮಾಡಿ ಏನು ಸಿಗುತ್ತದೆ ಎಂದು ಕೇಳುವವರಿಗೆ ಒಂದು ನಿಜ ಸಂಗತಿ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದಲ್ಲಿ 2007ರ ವಿಧಾನಸಭಾ ಚುನಾವಣೆಯ ಮತದಾನಕ್ಕೆ ಮುಂಚೆ, ಆಮೇಲೆ ಗೆದ್ದ ಅಭ್ಯರ್ಥಿಯ ಪರವಾಗಿ ಸುದ್ದಿಯಂತೆ ಕಾಣುವ ಬರಹಗಳು ಎರಡು ಹಿಂದಿ ಪತ್ರಿಕೆಗಳಲ್ಲಿ ಬಂದವು. ಸೋತವರು ಆ ತುಣುಕುಗಳನ್ನು ಹಿಡಿದು ಪತ್ರಿಕಾ ಮಂಡಳಿಗೆ ಹೋದರು, ಮಂಡಳಿ ದೂರನ್ನು ಎತ್ತಿಹಿಡಿಯಿತು. ಆಮೇಲೆ ಚುನಾವಣಾ ಆಯೋಗಕ್ಕೆ ಹೋದರು. ಆ ಖರ್ಚನ್ನು ಲೆಕ್ಕದಲ್ಲಿ ತೋರಿಸಿಲ್ಲ ಎಂದು ಆಯೋಗ 2011ರ ಅಕ್ಟೋಬರ್‌ನಲ್ಲಿ ಶಾಸಕಿ ಉಮಲೇಶ್ ಯಾದವ್ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ಅದು ಶಾಸಕ ಸ್ಥಾನಕ್ಕೆ ಅನ್ವಯಿಸುವ ಕಾನೂನು, ಪಾಲಿಕೆಯದು ಬೇರೆ. ಆದರೆ ಇಡೀ ಪ್ರಕರಣ ನಿಂತದ್ದು ಯಾರೋ ಕತ್ತರಿಸಿ ಇಟ್ಟ ಕಾಗದದ ಮೇಲೆ.

ಪಾಲಿಕೆಯ ಜಾಹೀರಾತು ಯಾರಿಗೆ ಎಷ್ಟು

ಸಣ್ಣ ಪತ್ರಿಕೆಗಳ ಜೀವ ಇರುವುದು ಟೆಂಡರ್ ನೋಟಿಸು, ಇಲಾಖೆಗಳ ಜಾಹೀರಾತು, ಹುಟ್ಟುಹಬ್ಬದ ಶುಭಾಶಯದಲ್ಲಿ. ಪಾಲಿಕೆಯಿಂದ ಬಿಲ್ ಬರಬೇಕಾಗಿರುವಾಗ ಅದೇ ಪಾಲಿಕೆಯ ಸದಸ್ಯರ ವಿರುದ್ಧ ಬರೆಯಲು ಎದೆಗಾರಿಕೆ ಬೇಕು. ಬರೆದವರನ್ನೂ ನಾನು ನೋಡಿದ್ದೇನೆ, ಅವರ ಮೇಲೆ ನನಗೆ ದೊಡ್ಡ ಗೌರವ ಇದೆ.

ಇದನ್ನು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿ ಶುಲ್ಕದ ಜೊತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ ಚಿಕ್ಕದಾಗಿ ಬರೆಯಿರಿ: "ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಪಾಲಿಕೆಯು ಪತ್ರಿಕೆಗಳಿಗೆ ನೀಡಿದ ಜಾಹೀರಾತುಗಳ ಪತ್ರಿಕಾವಾರು ಮೊತ್ತದ ಪಟ್ಟಿ ಕೊಡಿ." ಅಷ್ಟೇ. ಉತ್ತರಕ್ಕೆ 30 ದಿನ ಇದೆ. ಹಾಗಾಗಿ ಚುನಾವಣೆ ಘೋಷಣೆಗೆ ಮುಂಚೆಯೇ ಹಾಕಿದರೆ ಸಮಯಕ್ಕೆ ಕೈಗೆ ಬರುತ್ತದೆ.

ಬರದೇ ಹೋದ ಸುದ್ದಿ

ನೋಟ್‌ಬುಕ್ ಶುರು ಮಾಡುವಾಗಲೇ ವಾರ್ಡಿನ ಜನರನ್ನು ಕೇಳಿ ಐದು ಸಮಸ್ಯೆ ಬರೆದುಕೊಳ್ಳಿ. ನಮ್ಮಲ್ಲಿ ಮೊದಲನೆಯದು ನೀರೇ. ಭೀಮಾ ನದಿಯ ಸರಡಗಿಯಿಂದ, ಬೆಣ್ಣೆತೊರಾದಿಂದ ನೀರು ಬರುತ್ತದೆ. ಆದರೆ ನಲ್ಲಿಗೆ ಯಾವಾಗ ಬರುತ್ತದೆ ಎಂಬುದು ಓಣಿ ಓಣಿಗೆ ಬೇರೆ. 24 ಗಂಟೆ ನೀರಿನ ಮಾತು ಈ ಊರಲ್ಲಿ ಹಳೆಯದು. ಆಮೇಲೆ ಯುಜಿಡಿ ಅಂದರೆ ಒಳಚರಂಡಿ, ಕಸ, ಬೀದಿನಾಯಿ, ಖಾತಾ, ಬೀದಿದೀಪ. ತಿಂಗಳ ಕೊನೆಗೆ ಈ ಪಟ್ಟಿ ಹಿಡಿದು ಎಷ್ಟು ಸುದ್ದಿ ಬಂದಿವೆ ಎಣಿಸಿ. ಬೆಂಗಳೂರಿನಿಂದ ನಾಯಕರು ಬಂದು ಒಬ್ಬರನ್ನೊಬ್ಬರು ಬೈದ ಸುದ್ದಿ ಎಷ್ಟು ಅಂತಲೂ ಎಣಿಸಿ.

ನಾಯಕರ ಭೇಟಿ ಸುದ್ದಿ ಅಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ವಾರ್ಡ್ ಚುನಾವಣೆಯ ಪುಟವನ್ನೆಲ್ಲ ಅದೇ ತುಂಬಿದರೆ ಪಕ್ಷೇತರರು, ಸಣ್ಣ ಪಕ್ಷದವರು ತಾವಾಗಿಯೇ ಮಾಯವಾಗುತ್ತಾರೆ. ಅವರಿಗೆ ಕರೆಸಲು ದೊಡ್ಡ ನಾಯಕರಿಲ್ಲ.

ಪ್ರಮಾಣಪತ್ರದಲ್ಲಿ ನೀವು ಗುರುತು ಹಾಕಿದ್ದನ್ನೂ ಇಲ್ಲಿ ತೆಗೆಯಿರಿ. ಕ್ರಿಮಿನಲ್ ಪ್ರಕರಣ ಇರುವವರ ವಿಷಯ ಪೇಪರಿನಲ್ಲಿ ಬಂತಾ? ಒಂದು ಪಕ್ಷದವರದ್ದು ಬಂದು, ಇನ್ನೊಂದು ಪಕ್ಷದವರದ್ದು ಬರಲಿಲ್ಲವಾ? ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಲೆಕ್ಕವನ್ನು ಓದುವಾಗ ಅವಸರ ಬೇಡ

ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಪೇಪರಿನಲ್ಲಿ ಎರಡು ವಾರಕ್ಕೆ ಒಂದು ಪಕ್ಷಕ್ಕೆ 1,240 ಕಾಲಂ ಸೆಂಟಿಮೀಟರ್, ಇನ್ನೊಂದಕ್ಕೆ 1,105, ಮೂರನೆಯದಕ್ಕೆ 310, ಎಲ್ಲ ಪಕ್ಷೇತರರಿಗೂ ಸೇರಿ 95 ಬಂದಿದೆ. ಮೊದಲ ಎರಡರ ನಡುವಿನ ವ್ಯತ್ಯಾಸ ನೋಡಿ ಕೂಗಾಡಬೇಡಿ. ಒಂದು ದೊಡ್ಡ ರ‍್ಯಾಲಿ ಆಚೀಚೆ ಆದರೆ ಅಷ್ಟು ವ್ಯತ್ಯಾಸ ಬರುತ್ತದೆ. ನೋಡಬೇಕಾದದ್ದು ಆ 95. ಪಕ್ಷೇತರರು ಎಷ್ಟು ಜನ, ಎಷ್ಟು ವಾರ್ಡಿನಲ್ಲಿ ನಿಜವಾದ ಪೈಪೋಟಿ ಕೊಡುತ್ತಿದ್ದಾರೆ ಎಂಬುದರ ಜೊತೆ ಇಟ್ಟು ನೋಡಿ.

ಎಲ್ಲರಿಗೂ ಒಂದೇ ಅಳತೆ ಕೊಡಬೇಕು ಎಂದು ಕೇಳುವುದು ಸರಿಯಲ್ಲ. ಸುದ್ದಿ ಇರುವಲ್ಲಿ ಸುದ್ದಿ ಬರುತ್ತದೆ. ಟಿಕೆಟ್ ಸಿಗದೆ ಬಂಡಾಯ ಎದ್ದವರಿಗೆ ಜಾಸ್ತಿ ಜಾಗ ಸಿಕ್ಕರೆ ಸಹಜ. ನಾನು ಕೇಳುವುದು ಇಷ್ಟು: ಕಣದಲ್ಲಿರುವ ಪ್ರತಿಯೊಬ್ಬರ ಹೆಸರು ಒಂದು ಸಲವಾದರೂ ಸರಿಯಾಗಿ ಬರಬೇಕು. ಒಬ್ಬರ ಮೇಲೆ ಆರೋಪ ಹಾಕಿದ ದಿನವೇ ಅವರ ಉತ್ತರವೂ ಬರಬೇಕು. ಆರೋಪ ಮುಖಪುಟದಲ್ಲಿ, ಉತ್ತರ ಮೂರು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಬಂದರೆ ಅದನ್ನು ನ್ಯಾಯ ಎನ್ನಲಾಗದು. ಸಂಪಾದಕೀಯದಲ್ಲಿ ಪೇಪರ್ ತನ್ನ ನಿಲುವು ಹೇಳಲಿ, ಅದು ಅದರ ಹಕ್ಕು. ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ.

ಮೊದಲು ಸಂಪಾದಕರ ಹತ್ತಿರ

ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಡುವ ಮುಂಚೆ ಪೇಪರಿನ ಇಲ್ಲಿಯ ಕಚೇರಿಗೆ, ಅಂದರೆ ಬ್ಯೂರೊಗೆ ಹೋಗಿ ಕೂತು ಮಾತಾಡಿ. ಅದೂ ಮತದಾನಕ್ಕೆ ಮುಂಚೆ, ಮೊದಲ ವಾರ ಮುಗಿದ ತಕ್ಷಣ. ಆಗ ತಿದ್ದಿಕೊಳ್ಳಲು ಸಮಯ ಇರುತ್ತದೆ. ಮಧ್ಯಾಹ್ನ ಹೋಗಿ. ಸಂಜೆ ಆರರ ಮೇಲೆ ಯಾರೂ ತಲೆ ಎತ್ತಲಾರರು.

ಒಮ್ಮೆ ನಮ್ಮ ಡೆಸ್ಕಿಗೆ ಇಬ್ಬರು ಹಿರಿಯರು ಬಂದಿದ್ದರು. ಕೈಯಲ್ಲಿ ವಾರದ ಪೇಪರ್ ಕಟ್ಟು.

"ಸರ್, ನಮ್ಮ ವಾರ್ಡಿಂದು ಒಂದ್ ಸುದ್ದಿನೂ ಬಂದಿಲ್ರಿ."

"ಯಾರೂ ಕಳ್ಸಿಲ್ರಿ ಕಾಕಾ. ಕಳ್ಸಿದ್ರ ಹಾಕ್ತಿದ್ವಿ."

"ನೀವು ಬಂದ್ ನೋಡ್ಬೇಕಲ್ರಿ? ನಾವ್ ಕಳ್ಸಿದ್ದ ಹಾಕೂದಾದ್ರ ಪೇಪರ್ ಯಾಕ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ವರದಿಗಾರರೊಬ್ಬರು ಆ ವಾರ್ಡಿಗೆ ಹೋದರು. ಕೂಗಾಡದೆ, ಕಟ್ಟು ಬಿಚ್ಚಿ ಮೇಜಿನ ಮೇಲೆ ಇಟ್ಟು ಕೇಳಿದ್ದಕ್ಕೇ ಅದು ಆಯಿತು.

ಬರವಣಿಗೆಯಲ್ಲಿ ಕೊಡುವುದಾದರೆ ಪತ್ರ ಹೀಗಿರಲಿ: "ಮಾನ್ಯ ಸಂಪಾದಕರೆ, ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮ ಕಲಬುರಗಿ ಆವೃತ್ತಿಯ ಪಾಲಿಕೆ ಚುನಾವಣಾ ಸುದ್ದಿಗಳನ್ನು ಅಳೆದಿದ್ದೇವೆ. ಪಟ್ಟಿ ಲಗತ್ತಿಸಿದೆ. ಇಷ್ಟನೇ ವಾರ್ಡಿನ ನಾಲ್ವರು ಅಭ್ಯರ್ಥಿಗಳಲ್ಲಿ ಇಬ್ಬರ ಹೆಸರು ಒಮ್ಮೆಯೂ ಬಂದಿಲ್ಲ. ಇಂಥ ದಿನದ ಆರೋಪಕ್ಕೆ ಎದುರಿನವರ ಪ್ರತಿಕ್ರಿಯೆ ಇಲ್ಲ. ಸರಿಪಡಿಸಬೇಕೆಂದು ಕೋರುತ್ತೇವೆ." ಬೈಗುಳ ಬೇಡ, ಊಹೆ ಬೇಡ. 'ದುಡ್ಡು ತಿಂದಿದ್ದೀರಿ' ಎಂದು ಪುರಾವೆ ಇಲ್ಲದೆ ಬರೆದರೆ ಮಾನನಷ್ಟದ ನೋಟಿಸು ನಿಮಗೇ ಬರಬಹುದು. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಒಳ್ಳೆಯ ಸುದ್ದಿ ಕಂಡರೆ ಅದನ್ನೂ ಪತ್ರದಲ್ಲಿ ಹೇಳಿ. ಬಿಸಿಲಲ್ಲಿ ಓಡಾಡಿ ಬರೆದ ಹುಡುಗನಿಗೆ ಅದು ಮುಟ್ಟುತ್ತದೆ.

ಅಲ್ಲಿ ಆಗದಿದ್ದರೆ ಪತ್ರಿಕಾ ಮಂಡಳಿ

ಸಂಪಾದಕರು ಉತ್ತರ ಕೊಡಲಿಲ್ಲ, ಕೊಟ್ಟ ಉತ್ತರ ಸಮಾಧಾನ ತರಲಿಲ್ಲ ಎಂದರೆ ನವದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. 1978ರ ಕಾಯ್ದೆಯಡಿ ನಡೆಯುವ ಸಂಸ್ಥೆ ಇದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ, ಬೇರೆ ನಿಯತಕಾಲಿಕ ಆದರೆ ನಾಲ್ಕು ತಿಂಗಳೊಳಗೆ ಕೊಡಬೇಕು. ಮೊದಲು ಸಂಪಾದಕರಿಗೆ ಬರೆದಿರಲೇಬೇಕು, ಆ ಪತ್ರದ ಪ್ರತಿ ಬೇಕು. ತುಣುಕಿನ ಜೊತೆ ಅದರ ಇಂಗ್ಲಿಷ್ ಅನುವಾದ ಇಡಿ. ಇದೇ ವಿಷಯ ಯಾವ ನ್ಯಾಯಾಲಯದಲ್ಲೂ ಇಲ್ಲ ಎಂದು ಒಂದು ಘೋಷಣೆ ಬರೆದುಕೊಡಬೇಕು.

ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ಬೇಗ ಮುಗಿಯುವ ಕೆಲಸವೂ ಅಲ್ಲ. ಟಿವಿ, ಯೂಟ್ಯೂಬ್ ಚಾನಲ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ನಿಜವಾಗಿ ಗಂಭೀರವಾದ ಒಂದು ಪ್ರಕರಣ ಇದ್ದರೆ ಕೊಡಿ. ಹತ್ತು ಸಣ್ಣ ದೂರಿಗಿಂತ ಪೂರ್ತಿ ಕಾಗದಪತ್ರ ಇರುವ ಒಂದು ದೂರು ನಿಲ್ಲುತ್ತದೆ. ಅಭ್ಯರ್ಥಿಯ ಖರ್ಚಿನ ವಿಷಯವಾದರೆ ರಾಜ್ಯ ಚುನಾವಣಾ ಆಯೋಗಕ್ಕೆ, ಇಲ್ಲಿಯ ಚುನಾವಣಾಧಿಕಾರಿಯ ಮೂಲಕ ಕೊಡಿ.

ಎಣಿಕೆಯ ಮರುದಿನದ ಪೇಪರ್

ಕೊನೆಯ ದೊಡ್ಡ ಪರೀಕ್ಷೆ ಇಲ್ಲಿದೆ. 2021ರಲ್ಲಿ ಕಲಬುರಗಿಯ 55ರಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಇದನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ನೋಡಿ. 'ಕಾಂಗ್ರೆಸ್ ಅತಿದೊಡ್ಡ ಪಕ್ಷ'. 'ಯಾರಿಗೂ ಇಲ್ಲ ಬಹುಮತ'. 'ಜೆಡಿಎಸ್‌ನ ನಾಲ್ವರ ಕೈಯಲ್ಲಿ ಮೇಯರ್ ಗಾದಿ'. ಮೂರೂ ನಿಜ. ಮೂರೂ ಓದುಗರನ್ನು ಬೇರೆ ಬೇರೆ ಕಡೆ ಒಯ್ಯುತ್ತವೆ. ಮೇಯರ್ ಆಯ್ಕೆಯಲ್ಲಿ ಸದಸ್ಯರ ಜೊತೆ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರಿಗೂ ಮತ ಇರುತ್ತದೆ. ಹಾಗಾಗಿ 55ರ ಅರ್ಧ ದಾಟುವ 28 ಎಂಬ ಸಂಖ್ಯೆ ಕೂಡ ಸಾಲದು. ಅದನ್ನು ಒಂದು ಬಾಕ್ಸ್ ಮಾಡಿ ಬಿಡಿಸಿ ಹೇಳಿದ ಪೇಪರ್ ಓದುಗರಿಗೆ ನ್ಯಾಯ ಮಾಡಿದ ಹಾಗೆ. ಗೆದ್ದವರ ಮೆರವಣಿಗೆಯ ಜೊತೆ ಪ್ರತಿ ವಾರ್ಡಿನಲ್ಲಿ ಯಾರಿಗೆ ಎಷ್ಟು ಮತ ಬಂತು, ನೋಟಾಕ್ಕೆ ಎಷ್ಟು ಹೋಯಿತು, ಅರ್ಧದಷ್ಟು ಜನ ಯಾಕೆ ಮತಗಟ್ಟೆಗೇ ಬರಲಿಲ್ಲ, ಇದೆಲ್ಲ ಬಂದಿದೆಯಾ ನೋಡಿ.

ಅಲ್ಲಿಗೂ ನೋಟ್‌ಬುಕ್ ಮುಚ್ಚಬೇಡಿ. ಆ ಸಲ ಫಲಿತಾಂಶ ಬಂದದ್ದು ಸೆಪ್ಟೆಂಬರ್ 2021ಕ್ಕೆ, ಮೇಯರ್ ಆಯ್ಕೆ ಆದದ್ದು ಮಾರ್ಚ್ 2023ಕ್ಕೆ. ಒಂದೂವರೆ ವರ್ಷ ಗೆದ್ದ ಸದಸ್ಯರು ಇದ್ದರು, ಮೇಯರ್ ಇರಲಿಲ್ಲ. ಆ ಒಂದೂವರೆ ವರ್ಷದಲ್ಲಿ ಯಾವ ಪೇಪರ್ ಎಷ್ಟು ಸಲ ಅದನ್ನು ಕೇಳಿತು ಎಂಬುದೂ ಚುನಾವಣಾ ವರದಿಯ ಭಾಗವೇ. ಶುರು ಮಾಡುವಾಗಲೇ ಕೊನೆಯ ಹತ್ತು ಪುಟ ಖಾಲಿ ಬಿಡಿ. ಮೇಯರ್ ಕುರ್ಚಿಯಲ್ಲಿ ಕೂರುವ ದಿನದವರೆಗಿನ ತುಣುಕುಗಳನ್ನು ಅಂಟಿಸಲು ಅವು ಬೇಕಾಗುತ್ತವೆ.